ಬಣ್ಣದ ಹೆಸರೆತ್ತದ ಅಂಗಡಿ

ಟೈ ಕಾಲ ಮುಗಿಯಿತು ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರ ಕುತ್ತಿಗೆ ನೋಡಬೇಕು. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಗಂಟಲ ಮೂಳೆ ತೋರಿಸಿಕೊಂಡು, ಅದನ್ನೇ ಸ್ವಾತಂತ್ರ್ಯ ಎಂದುಕೊಂಡಿರುತ್ತಾರೆ. ಆಮೇಲೆ ಕೆಲಸದ ಸಂದರ್ಶನ ಬಂದಾಗ, ಕೋರ್ಟಿನಿಂದ ಕರೆ ಬಂದಾಗ, ಮಗಳ ಮದುವೆಯಲ್ಲಿ ನಿಂತು ಕೈಕುಲುಕಬೇಕಾದಾಗ, ಇವರೇ ಬಾಲ ಮುದುರಿಕೊಂಡು ನಮ್ಮ ಅಂಗಡಿಯ ಬಾಗಿಲು ತಳ್ಳುತ್ತಾರೆ. "ಸ್ವಲ್ಪ ಗಂಟು ಹಾಕಿ ಕೊಡ್ತೀರಾ?" ಎನ್ನುತ್ತಾರೆ. ಕೊಡುತ್ತೇನೆ, ಬೇಕಾದ್ದಕ್ಕಿಂತ ಕೊಂಚ ಬಿಗಿಯಾಗಿಯೇ.

ನಮ್ಮದು ಅಪ್ಪನ ಕಾಲದ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಕತ್ತರಿಸುವ ಮೇಜು, ಮೇಲೆ ನಾನೂ ತಂಗಿಯೂ ಇರುವ ಎರಡು ಕೋಣೆ. ಪ್ರತಿ ಟೈಯ ಬೆನ್ನಿಗೂ ಒಂದು ಚಿಕ್ಕ ಪಟ್ಟಿ ಇರುತ್ತದೆ. ಅದರ ಮೇಲೆ 'ತಂದೆ ಮತ್ತು ಮಗ' ಎಂದು ನೇಯ್ದಿದೆ. ಆ ಪಟ್ಟಿಯನ್ನು ಹೊಲಿಯುವವಳು ತಂಗಿ. ಅಪ್ಪ ಹೋದ ಮೇಲೂ ನಾವು ಅದನ್ನು ಬದಲಾಯಿಸಲಿಲ್ಲ.

ನನ್ನ ಕೆಲಸ ಚಿತ್ರ ಬರೆಯುವುದು. ಚೌಕುಳಿ ಹಾಳೆಯ ಮೇಲೆ ಪಟ್ಟೆ, ಚುಕ್ಕೆ, ಬಳ್ಳಿ, ಗೆರೆ ಎಲ್ಲವನ್ನೂ ಬರೆದು, ಯಾವ ಗೆರೆಗೆ ಯಾವ ಬಣ್ಣದ ದಾರ ಎಂದು ಪಕ್ಕದಲ್ಲಿ ಗುರುತು ಹಾಕುತ್ತೇನೆ. ತಂಗಿ ಹಾಳೆ ನೋಡಿಕೊಂಡು ಬೀರುವಿನಿಂದ ರೇಷ್ಮೆ ದಾರದ ರೀಲುಗಳನ್ನು ತೆಗೆದು ಮಗ್ಗದವರಿಗೆ ಕಳಿಸುತ್ತಾಳೆ. ಬಟ್ಟೆ ನೇಯ್ದು ಬಂದ ಮೇಲೆ ನಾನು ಓರೆಯಾಗಿ ಕತ್ತರಿಸುತ್ತೇನೆ. ಓರೆಯಾಗಿ ಕತ್ತರಿಸದಿದ್ದರೆ ಟೈ ಎಳೆದಾಗ ಹಿಗ್ಗುವುದಿಲ್ಲ, ಗಂಟು ಬಿಚ್ಚಿದ ಮೇಲೆ ಹಗ್ಗದ ಹಾಗೆ ಸುರುಳಿ ಬೀಳುತ್ತದೆ. ಒಳಗೆ ಉಣ್ಣೆಯ ಪಟ್ಟಿ ಇಟ್ಟು, ಮಡಚಿ, ಮೇಲಿನಿಂದ ಕೆಳಗಿನವರೆಗೆ ಒಂದೇ ಉದ್ದ ದಾರದಲ್ಲಿ ಸಡಿಲವಾಗಿ ಹೊಲಿಯುವುದು ಅವಳ ಕೆಲಸ.

ಅಗಲದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ, ಇದನ್ನು ಜಂಬವೆಂದುಕೊಂಡರೆ ಹಾಗೇ ಇಟ್ಟುಕೊಳ್ಳಿ. ಅಪ್ಪನ ಕಾಲದಲ್ಲಿ ಟೈ ಅಂಗೈ ಅಗಲ ಇತ್ತು. ಎದೆಯ ಮೇಲೆ ಟವೆಲ್ ಹರವಿಕೊಂಡ ಹಾಗೆ ಗಂಡಸರು ಓಡಾಡುತ್ತಿದ್ದರು. ಆಮೇಲೆ ಬಂತು ನೋಡಿ ಸಪೂರದ ಹುಚ್ಚು, ಬೂಟಿನ ಲಾಡಿಯನ್ನೇ ಕುತ್ತಿಗೆಗೆ ಕಟ್ಟಿದಂತೆ. ನಾನು ಆಗಲೂ ಮೂರು ಬೆರಳಿನ ಕೆಳಗೆ ಇಳಿಯಲಿಲ್ಲ. ಕೋಟಿನ ಕಾಲರು ಅಗಲವಾದರೆ ಟೈ ಅಗಲವಾಗಬೇಕು, ಕಾಲರು ಸಣ್ಣಗಾದರೆ ಟೈ ಸಣ್ಣಗಾಗಬೇಕು. ಇಷ್ಟು ಸರಳ. ಹೊಳಪಿನ ರೇಷ್ಮೆ ಹೋಗಿ ಒರಟು ನೇಯ್ಗೆ ಬರುತ್ತದೆ, ಹೆಣೆದ ಟೈ ಬರುತ್ತದೆ ಎಂದು ನಾನು ಹೇಳಿದಾಗ ನಕ್ಕವರೇ ಎರಡು ವರ್ಷದ ಮೇಲೆ ಸಾಲುಗಟ್ಟಿ ನಿಂತರು.

ಆದರೆ ಬಣ್ಣ? ನನ್ನ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲವೂ ಒಂದೇ ಕೆಸರು. ನೇರಳೆ ಎಂದು ಜನ ಏನನ್ನು ಹೇಳುತ್ತಾರೋ ಅದು ನನಗೆ ನೀಲಿ. ಹಳದಿ, ನೀಲಿ ಮಾತ್ರ ನನ್ನ ನೆಂಟರು, ಮಿಕ್ಕವರೆಲ್ಲ ಮುಖ ಮುಚ್ಚಿಕೊಂಡು ಬರುತ್ತಾರೆ. ರಸ್ತೆಯ ಸಿಗ್ನಲ್ಲಿನಲ್ಲಿ ಮೇಲಿನ ದೀಪ ಉರಿದರೆ ನಿಲ್ಲುತ್ತೇನೆ, ಕೆಳಗಿನದು ಉರಿದರೆ ದಾಟುತ್ತೇನೆ. ನಮ್ಮ ಅಂಗಡಿ ಬಾಗಿಲು ಹಸಿರು ಎಂದು ನನಗೆ ಗೊತ್ತಿರುವುದು, ಊರೆಲ್ಲ ನಮ್ಮನ್ನು ಹಸಿರು ಬಾಗಿಲ ಅಂಗಡಿಯವರು ಎಂದು ಕರೆಯುವುದರಿಂದ.

ಅಪ್ಪನಿಗೆ ಇದು ತಿಳಿದದ್ದು ನಾನು ಇನ್ನೂ ಚಡ್ಡಿ ಹಾಕುವ ಕಾಲದಲ್ಲಿ. ಹಸಿರು ರೀಲು ತಾ ಎಂದರೆ ಕಂದು ತಂದುಕೊಟ್ಟೆ. ಬೈಯುತ್ತಾರೆ ಎಂದು ಕಾದೆ. ಅಪ್ಪ ಬೈಯಲಿಲ್ಲ. ಬಾಗಿಲು ಹಾಕಿ, ರೀಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದೊಂದಾಗಿ ಕೇಳಿದರು. ನಾನು ಹೇಳುತ್ತಾ ಹೋದಂತೆ ಅವರ ಮುಖ ಇಳಿಯುತ್ತಾ ಹೋಯಿತು. ಆಗ ಮೇಜಿನ ಕೆಳಗೆ ಚಿಂದಿಯ ಜೊತೆ ಆಡುತ್ತಿದ್ದ ತಂಗಿ ತಲೆ ಎತ್ತಿ, ಯಾರೂ ಕೇಳದಿದ್ದರೂ, ಕೆಂಪು, ಹಸಿರು, ಕಂದು, ಗುಲಾಬಿ ಎಂದು ಪಟಪಟ ಹೇಳಿಬಿಟ್ಟಳು. ಅವತ್ತಿನಿಂದ ಅಪ್ಪ ಅವಳನ್ನು ಗಿಣಿ ಎಂದು ಕರೆದರು. ನಾನೂ ಹಾಗೇ ಕರೆಯುತ್ತೇನೆ.

"ಈ ಮಾತು ಈ ಬಾಗಿಲು ದಾಟಬಾರದು," ಎಂದರು ಅಪ್ಪ.

ದಾಟಲಿಲ್ಲ. ಹಾಗೆ ನೋಡಿದರೆ ನಾನು ಮದುವೆಯಾಗದೆ ಉಳಿದದ್ದೂ ಇದಕ್ಕೇ. ಈ ಬಣ್ಣ ನನಗೆ ಒಪ್ಪುತ್ತಾ ಎಂದು ದಿನಾ ಕೇಳುವ ಹೆಂಡತಿಯನ್ನು ಕಟ್ಟಿಕೊಂಡು ಎಷ್ಟು ದಿನ ತಲೆಯಾಡಿಸಿಕೊಂಡಿರಲಿ? ಗಿಣಿಯೂ ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಕೇಳಿರಲಿಲ್ಲ.

ಅಪ್ಪ ಅಂಗಡಿಯನ್ನು ನನ್ನ ಕೈಗೆ ಕೊಟ್ಟಾಗ ನನಗೆ ಭಯ ಇತ್ತು. ಒಂದು ದಿನ ಗಿರಾಕಿಯೊಬ್ಬ ಟೈ ಎತ್ತಿ ಹಿಡಿದು, "ಈ ಕೆಂಪಲ್ಲೇ ಸ್ವಲ್ಪ ತಿಳಿ ತೋರ್ಸಿ" ಎಂದ. ನಾನು ಕೈಗೆ ಸಿಕ್ಕಿದ್ದನ್ನು ಹರವಿದೆ. ಅವನು ನನ್ನನ್ನೂ ಟೈಯನ್ನೂ ಬಾರಿ ಬಾರಿ ನೋಡಿದ. ಆಗ ಗಿಣಿ ಒಳಗಿನಿಂದ ಬಂದು, ಸೂಜಿ ಹಿಡಿದ ಕೈಯಲ್ಲೇ, ನಗುನಗುತ್ತಾ ಹೇಳಿದಳು: "ನಮ್ಮಲ್ಲಿ ಬಣ್ಣದ ಹೆಸರು ಹೇಳಿ ಟೈ ಕೇಳೋ ಹಾಗಿಲ್ಲ ಸಾರ್. ಇದು ನಮ್ಮಣ್ಣನ ನಿಯಮ. ಪ್ರತಿ ಟೈಗೂ ಒಂದು ಹೆಸರಿದೆ. ಹೆಸರು ಹಿಡಿದು ಕೇಳಿ."

ಅಂಥ ನಿಯಮ ನಾನು ಮಾಡಿಯೇ ಇರಲಿಲ್ಲ. ಆದರೆ ಅವತ್ತು ಸಂಜೆಯೇ ಹಲಗೆ ಬರೆಸಿ ತೂಗುಹಾಕಿದೆ: 'ಇಲ್ಲಿ ಬಣ್ಣದ ಹೆಸರು ಹೇಳಬೇಡಿ.' ಜನಕ್ಕೆ ಅದೇ ಮೋಜಾಯಿತು. ಹೆಸರುಗಳನ್ನು ನಾನೇ ಇಡುತ್ತಿದ್ದೆ. ಅಗಲ ಪಟ್ಟೆಯ ಗತ್ತಿನದು 'ಮಾವ', ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 'ಸೋಮವಾರ', ಹೆಂಡತಿ ಜೊತೆ ಜಗಳ ಆಡಿದವರಿಗೆ 'ತಪ್ಪಾಯ್ತು'. ದೊಡ್ಡ ದೊಡ್ಡ ವಕೀಲರು ಬಂದು, "ಒಂದು ಮಾವ, ಎರಡು ತಪ್ಪಾಯ್ತು ಕೊಡಿ" ಎನ್ನುವುದನ್ನು ಕೇಳಬೇಕು. ನನ್ನ ಗುಟ್ಟಿಗೆ ಇದಕ್ಕಿಂತ ಗಟ್ಟಿ ಬೇಲಿ ಬೇಕಿರಲಿಲ್ಲ. ಆ ಬೇಲಿ ಕಟ್ಟಿದ ತಂಗಿಯನ್ನು ನಾನು ಕಣ್ಣುಮುಚ್ಚಿ ನಂಬಿದೆ.

ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು 'ಗುಮ್ಮನಗುಸುಕ'. ಅದನ್ನು ನಾನು ಬರೆದದ್ದು ಮಾತಾಡಲು ಹೆದರುವ ಗಂಡಸರಿಗಾಗಿ. ಪಟ್ಟೆಯಿಲ್ಲ, ಚುಕ್ಕೆಯಿಲ್ಲ, ಒರಟು ನೇಯ್ಗೆಯ ಒಂದೇ ಬಣ್ಣ. ಹಾಳೆಯ ಮೇಲೆ 'ಬೂದು' ಎಂದು ಬರೆದಿದ್ದೆ. ಮೂಲೆಯಲ್ಲಿ ಕೂತು ಕಾಫಿ ಕುಡಿದು, ಯಾರಿಗೂ ಗೊತ್ತಾಗದ ಹಾಗೆ ಎದ್ದು ಹೋಗುವವರ ಟೈ ಅದು. ಕೊಳ್ಳಲು ಬಂದವರೆಲ್ಲ ಅದರ ಹೆಸರು ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನಿಟ್ಟ ಹೆಸರು ಅಷ್ಟು ಚೆನ್ನಾಗಿದೆ ಎಂದು ನಾನೂ ನಗುತ್ತಿದ್ದೆ. ಪತ್ರಿಕೆಯಲ್ಲಿ ನನ್ನ ಬಗ್ಗೆ ಬಂದಿತು. ನನ್ನ ಹೊಗಳಿಕೆಯನ್ನು ನಾನೇ ಓದಿಕೊಳ್ಳುವುದು ಚೆಂದವಲ್ಲವೆಂದು ಗಿಣಿಯ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು, 'ಈ ಮನುಷ್ಯನಷ್ಟು ಧೈರ್ಯ ಬೇರೆ ಯಾವ ಟೈಯವನಿಗೂ ಇಲ್ಲ' ಎಂದು. ಬೂದು ಬಣ್ಣದಲ್ಲಿ ಧೈರ್ಯ ಕಂಡವನ ಕಣ್ಣು ದೊಡ್ಡದು ಎಂದುಕೊಂಡೆ.

ಈ ವರ್ಷ ಬಟ್ಟೆ ವ್ಯಾಪಾರಿಗಳ ದೊಡ್ಡ ಸಭೆಯಲ್ಲಿ ಮಾತಾಡಲು ನನ್ನನ್ನು ಕರೆದರು. ಬರುವ ಋತುವಿನಲ್ಲಿ ಗಂಡಸರ ಕುತ್ತಿಗೆಗೆ ಏನು ಬರುತ್ತದೆ ಎನ್ನುವುದು ವಿಷಯ. ದೊಡ್ಡ ಅಂಗಡಿಗಳಿಗೆ ಸರಕು ಆರಿಸುವವರೆಲ್ಲ ಬರುತ್ತಾರೆ, ಅವರು ಒಪ್ಪಿದರೆ ನಮ್ಮ ಟೈ ಊರೂರಿಗೆ ಹೋಗುತ್ತದೆ. ಅಪ್ಪ ಕನಸಿನಲ್ಲೂ ಕಾಣದ ವೇದಿಕೆ. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಗಿಣಿ ಮಾತ್ರ ಆ ವಾರವೆಲ್ಲ ಮುಳ್ಳಿನ ಮೇಲೆ ಕೂತಿದ್ದಳು.

"ಅಗಲದ ಬಗ್ಗೆ ಮಾತಾಡು ಅಣ್ಣ. ಗಂಟಿನ ಬಗ್ಗೆ ಮಾತಾಡು, ನೇಯ್ಗೆ ಬಗ್ಗೆ ಮಾತಾಡು. ಬಣ್ಣದ ಹೆಸರು ಎತ್ತಬೇಡ."

"ಗೊತ್ತಮ್ಮ. ಎಷ್ಟು ಸಲ ಹೇಳ್ತೀಯ?"

"ಯಾರಾದ್ರೂ ಕೇಳಿದ್ರೂ ಎತ್ತಬೇಡ. ನಮ್ಮಲ್ಲಿ ನಿಯಮ ಇದೆ ಅನ್ನು. ನಕ್ಕು ಸುಮ್ನಾಗು."

"ನಾನೇನು ಮೊನ್ನೆ ಹುಟ್ಟಿದವನಾ?"

ಅವಳು ನನ್ನ ಕೋಟಿನ ಭುಜದ ಮೇಲಿದ್ದ ದಾರದ ಎಳೆ ತೆಗೆದಳು. ಸಭೆಗೆ ಜೊತೆಯಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂತಳು.

ನಾನು ಚೆನ್ನಾಗಿ ಮಾತಾಡಿದೆ. ಸಪೂರ ಟೈಯ ಕಾಲ ಹೋಯಿತು ಎಂದೆ. ಹೊಟ್ಟೆ ಬೆಳೆದ ಮೇಲೆ ಸಪೂರ ಟೈ ಕಟ್ಟುವುದು ಕುಂಬಳಕಾಯಿಗೆ ನೂಲು ಸುತ್ತಿದ ಹಾಗೆ ಎಂದೆ, ಸಭೆ ನಕ್ಕಿತು. ಹೊಳಪು ಕಡಿಮೆಯಾಗಿ ಒರಟು ರೇಷ್ಮೆ ಬರುತ್ತದೆ, ದೊಡ್ಡ ಗಂಟು ಹೋಗಿ ಒಂದು ಪಕ್ಕಕ್ಕೆ ಸ್ವಲ್ಪ ವಾಲಿದ ಸಣ್ಣ ಗಂಟು ಬರುತ್ತದೆ ಎಂದೆ, ಕೆಲವರು ಬರೆದುಕೊಂಡರು. ನನ್ನ ಪಕ್ಕದಲ್ಲಿ ನಮ್ಮ ಟೈಗಳನ್ನು ಒಂದು ಕೋಲಿಗೆ ತೂಗುಹಾಕಿದ್ದರು. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಕೆಳಗಿಳಿಯಬೇಕಿತ್ತು.

ಅಷ್ಟರಲ್ಲಿ ಒಬ್ಬಳು ಎದ್ದು ನಿಂತಳು. ಅತಿ ದೊಡ್ಡ ಅಂಗಡಿಗೆ ಸರಕು ಆರಿಸುವವಳು ಅವಳೇ ಎಂದು ಆಮೇಲೆ ಗೊತ್ತಾಯಿತು.

"ಬಣ್ಣದ ಬಗ್ಗೆ ಒಂದು ಮಾತೂ ಆಡ್ಲಿಲ್ಲ ನೀವು. ನಿಮ್ಮ ನಿಯಮ ಗೊತ್ತು. ಇವತ್ತು ಒಂದೇ ಒಂದು ದಿನ ಮುರೀರಿ."

ಗಿಣಿ ಮುಂದಿನ ಸಾಲಿನಿಂದ ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ನಾನು ನೋಡಿದೆ. ನೋಡಿಯೂ ಅನಿಸಿತು, ಇಷ್ಟು ಜನರ ಮುಂದೆ ನಾನು ಯಾಕೆ ಹೆದರಬೇಕು? ನಾನೇ ಬರೆದ ಬಣ್ಣ, ನನಗೆ ಬಾಯಿಪಾಠ ಇದೆ. ಕೋಲಿನಿಂದ ಗುಮ್ಮನಗುಸುಕವನ್ನು ತೆಗೆದು ಎತ್ತಿ ಹಿಡಿದೆ. ನೇಯ್ಗೆ ಮುಟ್ಟಿದರೆ ಅದು ನನಗೆ ಕತ್ತಲಲ್ಲೂ ಗೊತ್ತಾಗುತ್ತದೆ.

"ಇದನ್ನ ನೋಡಿ," ಎಂದೆ. "ಇದು ಬೂದು. ಬರೀ ಬೂದು."

ಸಭೆಯಲ್ಲಿ ಯಾರೋ ಕಿಸಕ್ಕೆಂದರು.

"ನಗಬೇಡಿ. ಈ ಬೂದು ಯಾರ ಕಣ್ಣಿಗೂ ಬೀಳಲ್ಲ. ಅದೇ ಇದರ ಗುಣ. ಇದನ್ನ ಕಟ್ಟಿಕೊಂಡು ಹೋದ್ರೆ ಪಕ್ಕದಲ್ಲಿ ಕೂತವನಿಗೂ ನೀವಿದ್ದೀರಿ ಅಂತ ಗೊತ್ತಾಗಲ್ಲ."

ನಗು ಹಿಂದಿನ ಸಾಲಿಗೂ ಹಬ್ಬಿತು. ನನಗೆ ಹುರುಪು ಏರಿತು. ಸಾವಿನ ಮನೆಗೆ ಹೋಗಬೇಕಾದರೂ ನಿಶ್ಚಿಂತೆಯಿಂದ ಇದನ್ನೇ ಕಟ್ಟಿಕೊಳ್ಳಿ ಎಂದೆ. ಅಷ್ಟು ಹೇಳಿದ್ದೇ ತಡ, ಇಡೀ ಸಭೆ ಮೇಜು ಕುಟ್ಟಿಕೊಂಡು ನಗತೊಡಗಿತು. ಪ್ರಶ್ನೆ ಕೇಳಿದವಳು ಕಣ್ಣೊರೆಸಿಕೊಳ್ಳುತ್ತಾ ಹೇಳಿದಳು:

"ಇಷ್ಟು ಗಾಢ ಗುಲಾಬಿ ಬಣ್ಣವನ್ನ ಒಂದಿಷ್ಟೂ ನಗದೆ ಬೂದು ಅಂತೀರಲ್ಲ! ನಿಮ್ಮಿಂದ ಮಾತ್ರ ಆಗುತ್ತೆ ಸಾರ್. ಈ ಟೈ ನಮಗೆ ಎಲ್ಲಾ ಅಂಗಡಿಗೂ ಬೇಕು."

ನನ್ನ ಕೈ ಎತ್ತಿದ ಹಾಗೇ ಇತ್ತು. ಕೈಯಲ್ಲಿದ್ದ ಟೈ ನನ್ನ ಕಣ್ಣಿಗೆ ಬೂದು. ಇಷ್ಟೊಂದು ಜನರ ಕಣ್ಣಿಗೆ ಗುಲಾಬಿ. ಗಿಣಿಯ ಕಡೆ ನೋಡಿದೆ. ಅವಳು ತಲೆ ತಗ್ಗಿಸಿ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಆ ತಗ್ಗಿದ ತಲೆ ನೋಡಿದಾಗ ನನಗೆ ಎಲ್ಲವೂ ತಿಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ನಾನು ಬಾಗಿ ನಮಸ್ಕಾರ ಮಾಡಿದೆ.

ಬಸ್ಸಿನಲ್ಲಿ ಮನೆಗೆ ಬಂದೆವು. ಟೈಗಳ ಪೆಟ್ಟಿಗೆ ನಮ್ಮಿಬ್ಬರ ನಡುವಿನ ಸೀಟಿನಲ್ಲಿತ್ತು.

ಅಂಗಡಿಯ ಒಳಗೆ ಕಾಲಿಟ್ಟ ಕೂಡಲೇ ನಾನು ಪೆಟ್ಟಿಗೆಯನ್ನು ಕತ್ತರಿಸುವ ಮೇಜಿನ ಮೇಲೆ ಸುರಿದೆ. ಕಿಟಕಿಯಿಂದ ಮಧ್ಯಾಹ್ನದ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಒಂದು ಟೈ ಎಳೆದು ಅವಳ ಮುಖದ ಮುಂದೆ ಹಿಡಿದೆ.

"ಇದು ಮಾವ. ನಾನು ಬರೆದದ್ದು ಕಂದು, ಅದರ ಮೇಲೆ ಕಡು ಹಸಿರು ಪಟ್ಟೆ. ನೀನು ಹಾಕಿದ್ದೇನು?"

"ಅಣ್ಣ, ಮೊದಲು ಕೂತ್ಕೊ. ನೀರು ಕುಡಿ."

"ನೀನು ಹಾಕಿದ್ದೇನು ಅಂದೆ!"

"ಇಟ್ಟಿಗೆ ಕೆಂಪು," ಎಂದಳು. "ಪಟ್ಟೆ ಮಾತ್ರ ಹಸಿರೇ. ಆದ್ರೆ ನೀನು ಹೇಳಿದ ಹಸಿರಲ್ಲ. ಪಾಚಿ ಹಸಿರು."

"ಸೋಮವಾರ? ನೀಲಿ ಅಂತ ಬರೆದಿದ್ದೆ."

"ನೇರಳೆ."

"ತಪ್ಪಾಯ್ತು?"

ನಾನು ಒಂದೊಂದನ್ನೇ ಎತ್ತಿ ನೆಲಕ್ಕೆ ಬಿಸಾಡಿದೆ. ನನ್ನ ಮೂಗಿನ ತುದಿಯಲ್ಲಿ ಕೋಪ ಇರುವುದು ಊರಿಗೇ ಗೊತ್ತು, ಆದರೆ ಅವತ್ತಿನದು ಕೋಪವಾಗಿರಲಿಲ್ಲ. ಹೊರಗಿನ ಯಾರೇ ನನ್ನ ಕಣ್ಣಿಗೆ ಮಣ್ಣೆರಚಿದ್ದರೆ ಬೈದು, ಹೊಡೆದು, ಮರೆತುಬಿಡುತ್ತಿದ್ದೆ. ನನಗೆ ಕಣ್ಣಾಗಿದ್ದವಳೇ ಮಣ್ಣೆರಚಿದ್ದಳು.

"ಎಷ್ಟು ವರ್ಷದಿಂದ?"

"ಮೊದಲಿನಿಂದ."

"ಮೊದಲಿನಿಂದ ಅಂದ್ರೆ?"

"ಮೊದಲಿನಿಂದ ಅಂದ್ರೆ ಮೊದಲಿನಿಂದ ಅಣ್ಣ. ನೀನು ಬರೆದ ಮೊದಲನೇ ಟೈ ನೆನಪಿದೆಯಾ? ನೀನು ಹೇಳಿದ ಬಣ್ಣದಲ್ಲೇ ನೇಯಿಸಿದ್ವಿ. ಒಬ್ಬರೂ ಮುಟ್ಟಲಿಲ್ಲ. ಬಾಡಿದ ಎಲೆ ಹಾಗಿತ್ತು. ಗಾಜಿನ ಕಪಾಟಲ್ಲಿ ಹಾಗೇ ಬಿದ್ದಿತ್ತು."

"ಆಮೇಲೆ ಅದು ಖರ್ಚಾಯ್ತಲ್ಲ!"

"ಅದಲ್ಲ ಖರ್ಚಾಗಿದ್ದು. ಅದೇ ಚಿತ್ರವನ್ನ ಬೇರೆ ದಾರದಲ್ಲಿ ನೇಯಿಸಿ, ಹಳೇದನ್ನ ತೆಗೆದು ಹೊಸದನ್ನ ಇಟ್ವಿ."

"ಇಟ್ವಿ? ಯಾರು ಯಾರು?"

ಗಿಣಿ ಸೆರಗಿನಿಂದಲೋ ಕೈಯಿಂದಲೋ ಕಣ್ಣೊರೆಸಿಕೊಳ್ಳುವವಳಲ್ಲ. ನೆಟ್ಟಗೆ ನೋಡಿದಳು.

"ಅಪ್ಪನೇ ಹೇಳಿದ್ದು. ಅವನು ಬರೀಲಿ, ನೀನು ನೋಡ್ಕೊ, ಅವನಿಗೆ ಗೊತ್ತಾಗೋದು ಬೇಡ ಅಂದ್ರು."

ನಾನು ಸ್ಟೂಲಿನ ಮೇಲೆ ಕೂತೆ. ಅಪ್ಪ ಅಂಗಡಿಯ ಬೀಗದ ಕೈ ಕೊಡುವಾಗ ಏನು ಹೇಳಿದ್ದರು ಎಂದು ನನಗೆ ಒಂದೊಂದು ಅಕ್ಷರವೂ ನೆನಪಿತ್ತು. 'ಕಣ್ಣು ಸರಿಯಿಲ್ಲದಿದ್ದರೇನು, ನಿನಗೆ ಬಣ್ಣದ ಬುದ್ಧಿ ಇದೆ' ಎಂದಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಇಷ್ಟು ವರ್ಷ ಬದುಕಿದ್ದೆ. ನನ್ನ ಕಿವಿ ಮೇಲೆ ಅಪ್ಪ ಹೂವಿಟ್ಟರು, ತಂಗಿ ಅದಕ್ಕೆ ದಿನಾ ನೀರು ಹಾಕಿದಳು.

"ಹೇಳಬಹುದಿತ್ತಲ್ಲ ಗಿಣಿ. ಅಪ್ಪ ಹೋದ ಮೇಲಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನೀನು ಮತ್ತೆ ಪೆನ್ಸಿಲ್ ಮುಟ್ಟುತ್ತಿದ್ಯಾ?"

"ಅದು ನನಗೆ ಬಿಟ್ಟದ್ದು! ನನ್ನ ಕಣ್ಣು ಕುರುಡು, ಸರಿ. ನನ್ನ ತಲೆಯೂ ಕುರುಡಾ? ಇಷ್ಟು ವರ್ಷ ಜನ ನನ್ನನ್ನ ಹೊಗಳುವಾಗ ನೀನು ಒಳಗೆ ಕೂತು ನಗ್ತಿದ್ದೆ, ಅಲ್ವಾ?"

ಈಗ ಅವಳಿಗೂ ಸಿಟ್ಟು ಬಂತು. ನೆಲದ ಮೇಲಿದ್ದ ಟೈಯೊಂದನ್ನು ಎತ್ತಿ, ತಿರುಗಿಸಿ, ಬೆನ್ನಿನ ಪಟ್ಟಿಯನ್ನು ನನ್ನ ಮುಂದೆ ಹಿಡಿದಳು.

"ಓದು. ತಂದೆ ಮತ್ತು ಮಗ. ಇದನ್ನ ಹೊಲಿದವಳು ನಾನು. ಒಂದು ದಿನ, ಒಂದೇ ಒಂದು ದಿನ ನೀನು ಕೇಳಿದ್ಯಾ, ನಿನ್ನ ಹೆಸರೂ ಇರ್ಲಾ ಗಿಣಿ ಅಂತ? ನಗ್ತಿದ್ದೆನಂತೆ! ಬೀರು ಮುಂದೆ ನಿಂತು, ಯಾವುದರ ಪಕ್ಕ ಯಾವುದು ಇಡಬೇಕು ಅಂತ ತಲೆ ಕೆಡಿಸ್ಕೊಂಡು, ಆಮೇಲೆ ನಿನ್ನ ಮುಂದೆ ಬಂದು, ಹೂಂ ಅಣ್ಣ, ನೀನು ಹೇಳಿದ ಹಾಗೇ ಇದೆ ಅಂತಿದ್ದೆ. ನಗೋಕೆ ಪುರುಸೊತ್ತೆಲ್ಲಿತ್ತು ನನಗೆ?"

ಅವಳ ಮಾತಿನಲ್ಲಿ ಸತ್ಯ ಇತ್ತು. ಸತ್ಯ ಇದ್ದದ್ದರಿಂದ ನನ್ನ ನೋವೇನೂ ಕಡಿಮೆಯಾಗಲಿಲ್ಲ. ಪಟ್ಟಿಯ ಮೇಲೆ ಹೆಸರಿಲ್ಲ ಎಂದು ಅವಳು ಜಗಳ ಆಡಬಹುದಿತ್ತು, ಮುನಿಸಿಕೊಂಡು ಊಟ ಬಿಡಬಹುದಿತ್ತು, ಅಂಗಡಿಯಲ್ಲಿ ಅರ್ಧ ಭಾಗ ಕೇಳಬಹುದಿತ್ತು. ಅದು ಬಿಟ್ಟು ನನ್ನನ್ನು ಬೊಂಬೆಯ ಹಾಗೆ ಗಾಜಿನ ಕಪಾಟಿನಲ್ಲಿ ಕೂರಿಸಿದ್ದಳು.

ಆಗ ನನ್ನ ಕಣ್ಣು ಗೋಡೆಯ ಮೊಳೆಗೆ ಹೋಯಿತು. ಅಲ್ಲಿ ಅಪ್ಪನ ಟೈ ತೂಗುತ್ತಿತ್ತು. ಅಪ್ಪನಿಗೆ ನಮ್ಮ ಬಾಗಿಲಿನ ಹಸಿರು ಎಂದರೆ ಪ್ರಾಣ. ಅದನ್ನು ಅವರೇ ಕಲಸಿ, ಅವರೇ ಬಳಿದದ್ದು. ಅವರ ಕೊನೆಯ ವರ್ಷದಲ್ಲಿ ಆ ಬಾಗಿಲಿನ ಹಸಿರಲ್ಲೇ ಅವರಿಗೊಂದು ಟೈ ಮಾಡಿಸಿದೆ. ನಡುವೆ ಸಣ್ಣ ಹಳದಿ ಗೆರೆ, ನನ್ನ ಕಣ್ಣಿಗೂ ಏನಾದರೂ ಇರಲಿ ಎಂದು. ಬೇರೆ ಯಾವ ಟೈಯನ್ನೂ ನಾನು ಇಷ್ಟು ಪ್ರೀತಿಯಿಂದ ಬರೆದಿಲ್ಲ. ಅಪ್ಪ ಅದನ್ನು ಪ್ರತಿ ಭಾನುವಾರ ಕಟ್ಟಿಕೊಂಡು, ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. 'ಬಾಗಿಲಿಗೂ ನನಗೂ ಒಂದೇ ಬಣ್ಣ ಹೊಡೆದುಬಿಟ್ಟ ನನ್ನ ಮಗ' ಎನ್ನುತ್ತಿದ್ದರು.

"ಅದು?" ಎಂದೆ. "ಅಪ್ಪನ ಟೈ?"

ಗಿಣಿ ಗೋಡೆಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳ ಸಿಟ್ಟೆಲ್ಲ ಇಳಿದುಹೋಯಿತು.

"ಅದು ನೀನು ಹೇಳಿದ ಹಸಿರೇ ಅಣ್ಣ. ಅದೊಂದನ್ನ ನಾನು ಮುಟ್ಟಲಿಲ್ಲ."

"ನಿಜವಾಗ್ಲೂ?"

"ಅಪ್ಪನಾಣೆ."

ನನಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತೆ. ಒಂದಾದರೂ ಉಳಿಯಿತಲ್ಲ ಎಂದು ಅತ್ತೆ. ಗಿಣಿ ಬಂದು ನನ್ನ ತಲೆ ಮುಟ್ಟಿ, ನೆಲದ ಮೇಲಿದ್ದ ಟೈಗಳನ್ನು ಒಂದೊಂದಾಗಿ ಆರಿಸಿ, ಸುಕ್ಕು ನೀವಿ, ಸುತ್ತಿಟ್ಟಳು. ಇನ್ನು ಮುಂದೆ ನಾನು ಬರೆದ ಬಣ್ಣವೇ ಆಗಬೇಕು, ಪ್ರತಿ ರೀಲನ್ನೂ ನನಗೆ ತೋರಿಸಿ ಹೆಸರು ಹೇಳಬೇಕು, ಸುಳ್ಳು ಹೇಳಿದರೆ ನನ್ನ ಮೇಲಾಣೆ ಎಂದೆ. ಎಲ್ಲದಕ್ಕೂ ಹೂಂ ಎಂದಳು. ಚಹಾ ಮಾಡಲು ಮೇಲೆ ಹೋದಳು.

ನಾನು ಗೋಡೆಯಿಂದ ಅಪ್ಪನ ಟೈ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವಳನ್ನು ಪರೀಕ್ಷೆ ಮಾಡಬೇಕೆಂದು ಹೊರಗೆ ಹೋದೆ ಎಂದು ತಿಳಿಯಬೇಡಿ. ಆ ಟೈಯನ್ನೂ ಆ ಬಾಗಿಲನ್ನೂ ಒಟ್ಟಿಗೆ ಇಟ್ಟು ನೋಡಬೇಕು ಅನಿಸಿತು, ಅಷ್ಟೇ. ಬೀದಿಗೆ ಇಳಿದು, ಬಾಗಿಲು ಮುಚ್ಚಿ, ಟೈಯನ್ನು ಅದರ ಮೇಲೆ ಒತ್ತಿ ಹಿಡಿದೆ. ಹಳದಿ ಗೆರೆಯೊಂದು ಬಿಟ್ಟರೆ ಟೈ ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು ಗೊತ್ತಾಗಲಿಲ್ಲ. ಎಷ್ಟು ಚೆನ್ನಾಗಿ ಹೊಂದಿದೆ ಎಂದು ಹಿಗ್ಗಿದೆ.

ಪಕ್ಕದ ಬೀಗ ರಿಪೇರಿಯವನು ತನ್ನ ಗೂಡಿನ ಮುಂದೆ ನಿಂತು ಕೈ ಒರೆಸಿಕೊಳ್ಳುತ್ತಿದ್ದ. ಹೊಸಬ, ನಮ್ಮ ನಿಯಮ ಅವನಿಗೆ ಗೊತ್ತಿಲ್ಲ.

"ಏನು ಯಜಮಾನ್ರೇ, ಬಾಗಿಲಿಗೆ ಟೈ ಕಟ್ತಿದ್ದೀರಾ?"

"ಹೇಗಿದೆ? ಹೊಂದುತ್ತಾ?"

ಅವನು ಹತ್ತಿರ ಬಂದು ತಲೆ ವಾಲಿಸಿ ನೋಡಿದ.

"ಚೆನ್ನಾಗಿ ಎದ್ದು ಕಾಣುತ್ತೆ. ಹಸಿರು ಬಾಗಿಲ ಮೇಲೆ ಕೆಂಪು ಟೈ. ಬೀದಿಯ ಆ ತುದಿಯಿಂದಲೇ ಕಾಣುತ್ತೆ ಬಿಡಿ."

"ಕೆಂಪಾ?"

"ಮತ್ತಿನ್ನೇನು? ಒಳ್ಳೇ ರಕ್ತಗೆಂಪು." ಅವನು ನನ್ನ ಮುಖ ನೋಡಿ ನಕ್ಕ. "ಟೈ ಅಂಗಡಿಯವರು ನೀವು, ನನ್ನ ಕೇಳ್ತೀರಲ್ಲ!"

ನಾನೂ ನಕ್ಕೆ. ಬೇರೇನು ಮಾಡಲಿ? ಅವನು ಗೂಡಿಗೆ ಹೋಗಿ ಯಾವುದೋ ಬೀಗವನ್ನು ಕುಟ್ಟತೊಡಗಿದ. ಬಾಗಿಲಿಗೂ ನನಗೂ ಒಂದೇ ಬಣ್ಣ ಎನ್ನುತ್ತಾ ಭಾನುವಾರ ಭಾನುವಾರ ಇದೇ ಜಾಗದಲ್ಲಿ ಅಪ್ಪ ಕೂತಿರುತ್ತಿದ್ದರು, ಗಿಣಿ ಹೊಸಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಬೇಕು. ನಾನು ನಡುವೆ ನಿಂತು ಹಿಗ್ಗುತ್ತಿದ್ದೆ.

ಟೈಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಒಳಗೆ ಬಂದೆ. ಗಿಣಿ ಚಹಾದ ಲೋಟ ಮೇಜಿನ ಮೇಲಿಟ್ಟು, ದಾರದ ಬೀರು ತೆರೆದು, ನನಗಾಗಿ ಕಾಯುತ್ತಿದ್ದಳು.

"ಎಲ್ಲಿ ಹೋಗಿದ್ದೆ?"

"ಇಲ್ಲೇ. ಗಾಳಿಗೆ."

"ಯಾರ ಜೊತೆಯೋ ಮಾತಾಡಿದ ಹಾಗಿತ್ತು."

"ಯಾರೂ ಇಲ್ಲ."

ಅವಳು ಒಂದು ಕ್ಷಣ ಖಾಲಿ ಮೊಳೆಯ ಕಡೆ ನೋಡಿದಳು. ನಾನು ಎದುರು ಕೂತು, ಹೊಸ ಚೌಕುಳಿ ಹಾಳೆ ಹರವಿ, ಪೆನ್ಸಿಲ್ ಚೂಪು ಮಾಡಿದೆ. ಬೇರೆ ಯಾರ ಹತ್ತಿರ ಹೋಗಲಿ? ಪ್ರತಿ ರೀಲನ್ನೂ ಎತ್ತಿಕೊಂಡು ಬೀಗದವನ ಗೂಡಿಗೆ ಓಡಲೇ? ಒಬ್ಬಳೇ ತಂಗಿ, ಒಂದೇ ಜೊತೆ ಕಣ್ಣು.

ಅವಳು ಬೀರುವಿನಿಂದ ಒಂದು ರೀಲು ತೆಗೆದು, ನಾನು ಹೇಳಿದ ಹಾಗೆ, ಬೆಳಕಿಗೆ ಎತ್ತಿ ಹಿಡಿದಳು.

"ಇದು ಹಸಿರು ಅಣ್ಣ."

"ಆಣೆ?"

"ಆಣೆ."

ನಾನು ಹಾಳೆಯ ಮೇಲೆ 'ಹಸಿರು' ಎಂದು ಬರೆದೆ.

"ಸರಿ," ಎಂದೆ. "ಮುಂದಿನದು ತೋರಿಸು."